'ಪರ್ಮಿಷನ್ ಬೇಡ' ಅನ್ನುವ ಬಿಲ್ಡರ್ ಮಾತು ನಂಬಬೇಡಿ

ಇಂಗ್ಲೆಂಡಿನಲ್ಲಿರುವ ನಮ್ಮವರು ಯಾರಾದರೂ ಹಿತ್ತಲಲ್ಲಿ ಗಾರ್ಡನ್ ರೂಮ್ ಕಟ್ಟಿಸುವ ಯೋಚನೆಯಲ್ಲಿದ್ದರೆ ದಯವಿಟ್ಟು ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ.

ನಾನೂ ಒಂದು ಕಟ್ಟಿಸಿದೆ. ಮೊದಲು ಬಿಲ್ಡರ್ ಬಂದು ಜಾಗ ನೋಡಿದ. "ಪ್ಲಾನಿಂಗ್ ಪರ್ಮಿಷನ್ (ಕಟ್ಟಲು ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ, ಕೊಡುವ ಅನುಮತಿ) ಏನೂ ಬೇಕಾಗಲ್ಲ, 3 ಮೀಟರ್ ತನಕ ಏರಿಸಬಹುದು" ಅಂದ. ಪಕ್ಕದವರ ಬೇಲಿಗೆ ಇಷ್ಟು ಹತ್ತಿರ ಬರುತ್ತದಲ್ಲ, ಪರವಾಗಿಲ್ವಾ ಅಂತ ನಾನು ಎದುರಿಗೇ ಕೇಳಿದೆ. "ಇಂಥವು ಎಷ್ಟೋ ಕಟ್ಟಿದ್ದೇನೆ, ಚಿಂತೆ ಬಿಡಿ" ಅಂದ. ಇದೇ ಕಸುಬು ಮಾಡುವವನನ್ನು ನಂಬದೆ ಇನ್ಯಾರನ್ನು ನಂಬಬೇಕು?

ಅವನು ಹೇಳಿದ್ದು ಅರ್ಧ ನಿಜ, ಹೊಟ್ಟೆ ಉರಿಯುವುದೇ ಅದಕ್ಕೆ. ಮಟ್ಟಸ ಚಾವಣಿಗೆ 3 ಮೀಟರ್ ಅನ್ನುವುದು ಹೌದು. ಆದರೆ ರೂಮಿನ ಯಾವ ಭಾಗವಾದರೂ ಗಡಿಯಿಂದ 2 ಮೀಟರ್ ಒಳಗೆ ಬಂದರೆ ಇಡೀ ಕಟ್ಟಡ 2.5 ಮೀಟರ್ ದಾಟುವ ಹಾಗಿಲ್ಲ. ದಾಟಿದರೆ ಪರ್ಮಿಷನ್ ಬೇಕೇ ಬೇಕು. ಇದು ಅವನಿಗೆ ಗೊತ್ತಿರಲಿಲ್ಲ ಅಂದರೆ ನಾನು ಒಪ್ಪಲ್ಲ.

ಕೌನ್ಸಿಲ್‌ನವರು ಬಂದು ಟೇಪ್ ಹಿಡಿದರು. ಅಳೆಯುವುದು ಕಟ್ಟಡದ ಸುತ್ತ ತಾಗಿದ ನೆಲದಿಂದ, ಹಾಗಾಗಿ ಅಡಿಗೆ ಹಾಕಿದ ಕಾಂಕ್ರೀಟೂ ಲೆಕ್ಕಕ್ಕೆ ಸೇರಿತು. 2.9 ಮೀಟರ್! ಪಕ್ಕದ ಮನೆಯಾಕೆ ಬೇಲಿಯಾಚೆ ನಿಂತು ನೋಡುತ್ತಿದ್ದರು. ಅಡುಗೆಮನೆಗೆ ಬೆಳಕು ಬರುತ್ತಿಲ್ಲ ಅಂತ ದೂರು ಕೊಟ್ಟಿದ್ದೇ ಅವರು, ಅವರದೇನೂ ತಪ್ಪಿಲ್ಲ ಬಿಡಿ. ಆದರೆ ದಿನಾ ನಗುನಗುತ್ತಾ ಮಾತಾಡಿಸುತ್ತಿದ್ದವರ ಮುಂದೆ ನಾನು ಕಳ್ಳನ ಹಾಗೆ ನಿಲ್ಲಬೇಕಾಯಿತು. ಮುಖ ಎತ್ತಲಾಗಲಿಲ್ಲ.

ಬಿಲ್ಡರ್‌ಗೆ ಮೆಸೇಜ್ ಹಾಕಿದರೆ ಮೊದಲು ಬಂದ ಉತ್ತರ: "ಪಕ್ಕದವರ ಜೊತೆ ನೀವೇ ಮಾತಾಡಿ ಸರಿ ಮಾಡಿಕೊಳ್ಳಬೇಕಿತ್ತು." ಆಮೇಲೆ: "ಅಗ್ರಿಮೆಂಟ್ ನೋಡಿ, ಪರ್ಮಿಷನ್ ಮನೆಯವರ ಜವಾಬ್ದಾರಿ ಅಂತಿದೆ." ಬೇಡವೇ ಬೇಡ ಅಂತ ಬಾಯಲ್ಲಿ ಹೇಳಿ, ಕಾಗದದಲ್ಲಿ ಜವಾಬ್ದಾರಿ ನಮ್ಮ ತಲೆಗೆ ಕಟ್ಟುವುದಾ? ಚಾವಣಿ ಇಳಿಸಿಕೊಡಿ ಅಂದೆ. "ಅದು ಬೇರೆ ಕೆಲಸ, ಬೇರೆ ರೇಟು." ಆಮೇಲೆ ಫೋನೇ ಎತ್ತುತ್ತಿಲ್ಲ.

ಈಗ ಒಂದೋ ಚಾವಣಿ ಇಳಿಸಬೇಕು, ಇಲ್ಲ ಕಟ್ಟಿದ ಮೇಲೆ ಪರ್ಮಿಷನ್‌ಗೆ ಅರ್ಜಿ ಹಾಕಬೇಕು. ಅರ್ಜಿ ಹಾಕಿದರೂ ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ.

ಕಟ್ಟುವ ಮೊದಲೇ ಕೌನ್ಸಿಲ್‌ನಿಂದ ಲಾಫುಲ್ ಡೆವಲಪ್‌ಮೆಂಟ್ ಸರ್ಟಿಫಿಕೇಟ್ (ಇದಕ್ಕೆ ಪರ್ಮಿಷನ್ ಬೇಡ ಅಂತ ಅವರೇ ಬರೆದುಕೊಡುವ ಪತ್ರ) ತೆಗೆದುಕೊಳ್ಳಿ. ಗಡಿಯಿಂದ ಎಷ್ಟು ದೂರ, ನೆಲದಿಂದ ಎಷ್ಟು ಎತ್ತರ ಅನ್ನುವುದನ್ನು ಬಿಲ್ಡರ್ ಕೈಯಲ್ಲೇ ಬರೆಸಿಕೊಳ್ಳಿ. ಪಕ್ಕದವರ ಕಟ್ಟಡದಿಂದ 3 ಮೀಟರ್ ಒಳಗೆ ಅವರ ಪಾಯಕ್ಕಿಂತ ಆಳ ಅಗೆಯುವುದಿದ್ದರೆ 1996ರ ಪಾರ್ಟಿ ವಾಲ್ ಕಾಯ್ದೆ ಪ್ರಕಾರ ಒಂದು ತಿಂಗಳು ಮೊದಲೇ ಅವರಿಗೆ ನೋಟಿಸ್ ಕೊಡಬೇಕು. ಅದು ಬೇರೆ, ಪ್ಲಾನಿಂಗ್ ಬೇರೆ. ಕೊನೆಯ ಕಂತನ್ನಂತೂ ನೀವೇ ಟೇಪ್ ಹಿಡಿದು ಅಳೆಯುವ ತನಕ ಕೊಡಬೇಡಿ. ನನ್ನ ಪೂರ್ತಿ ದುಡ್ಡು ಅವನ ಹತ್ತಿರವೇ ಇದೆ.