ಶಿವಮೊಗ್ಗದ ಹಿರಿಯರ ಆರೈಕೆ ಮನೆ: ಅಪ್ಪ ಅಮ್ಮ ಅಲ್ಲಿಗೆ ಹೋಗಿ ಎರಡು ವರ್ಷ ನಾಲ್ಕು ತಿಂಗಳಾದ ಮೇಲೆ

"ಅಪ್ಪ ಅಮ್ಮನ್ನ ಎಲ್ಲಿ ಹಾಕಿದೀರಿ?" ಮೊನ್ನೆ ಮದುವೆಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರು ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ನಮ್ಮ ಕಡೆ ಮಾತೇ ಹಾಗೆ. ಆದರೂ ಆ 'ಹಾಕುವುದು' ನನಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅಡಿಕೆಯನ್ನು ಮಂಡಿಗೆ ಹಾಕುತ್ತೇವೆ. ಅಪ್ಪ ಅಮ್ಮನನ್ನು ನಾವು ಹಾಕಲಿಲ್ಲ. ಅವರು ಯೋಚಿಸಿ, ಜಗಳವಾಡಿ, ಅತ್ತು, ಕೊನೆಗೆ ಒಪ್ಪಿ ಹೋದರು. ಇದೇ ದಾರಿಯಲ್ಲಿ ಇರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ಆ ಮನೆಯ ಹೆಸರು ಬರೆಯುವುದಿಲ್ಲ. ಊರಂಚಿನಲ್ಲಿದೆ, 22 ಜನ ಹಿರಿಯರಿದ್ದಾರೆ, ಅಷ್ಟು ಸಾಕು.

ನಮ್ಮ ಮನೆ ತೀರ್ಥಹಳ್ಳಿ ತಾಲ್ಲೂಕು, ಆಗುಂಬೆ ಕಡೆ. ಬಸ್ ನಿಲ್ಲುವ ಜಾಗದಿಂದ ಎರಡು ಕಿಲೋಮೀಟರ್ ಒಳಗೆ, ನಡುವೆ ಒಂದು ಕಾಲುಸಂಕ. ಆಗ ಅಪ್ಪನಿಗೆ 81, ಅಮ್ಮನಿಗೆ 76. ಅಮ್ಮನಿಗೆ ಪಾರ್ಕಿನ್ಸನ್ ಕಾಯಿಲೆ, ಕೈ ನಡುಗಿ ಮೈ ಬಿಗಿಯುವ ನರರೋಗ. ನಾನು ಬೆಂಗಳೂರಿನಲ್ಲಿ, ಅಣ್ಣ ಪುಣೆಯಲ್ಲಿ. ಮೇ ಕೊನೆಯ ಒಂದು ರಾತ್ರಿ ಅಮ್ಮ ಬಚ್ಚಲ ಹತ್ತಿರ ಬಿದ್ದರು. ಅಪ್ಪನಿಗೆ ಎತ್ತಲು ಆಗಲಿಲ್ಲ. ಗಾಳಿಗೆ ಮರ ಉರುಳಿ ಕರೆಂಟೂ ಇಲ್ಲ, ಫೋನೂ ಇಲ್ಲ. ಕಂಬಳಿ ತಂದು ಹೊದೆಸಿ, ಪಕ್ಕದಲ್ಲೇ ನೆಲದ ಮೇಲೆ ಕೂತರಂತೆ. ಬೆಳಿಗ್ಗೆ ಕೆಲಸದವಳು ಬರುವವರೆಗೂ ಹಾಗೇ. ಮೂಳೆ ಮುರಿದಿರಲಿಲ್ಲ, ದೇವರು ದೊಡ್ಡವನು. ಆದರೆ ಆ ರಾತ್ರಿಯನ್ನು ಅಪ್ಪ ಇವತ್ತಿಗೂ ಪೂರ್ತಿ ಹೇಳಿಲ್ಲ.

ಬೇರೆ ದಾರಿ ನೋಡಿರಲಿಲ್ಲ ಅಂತಲ್ಲ. ಹಿಂದಿನ ವರ್ಷ ಬೆಂಗಳೂರಿನ ನಮ್ಮ ಫ್ಲ್ಯಾಟಿನಲ್ಲಿ ನಾಲ್ಕು ತಿಂಗಳು ಇದ್ದರು. ಮೂರನೇ ಮಹಡಿಯ ಬಾಲ್ಕನಿಯಲ್ಲಿ ನಿಂತು ಅಪ್ಪ "ಇಲ್ಲಿ ಕಾಲಿಗೆ ಮಣ್ಣೇ ತಾಗಲ್ಲ" ಅನ್ನುತ್ತಿದ್ದರು. ಊರಲ್ಲೇ ನೋಡಿಕೊಳ್ಳಲು ಹೋಮ್ ನರ್ಸ್ ಇಟ್ಟೆವು. ಮಳೆ, ಉಂಬಳ (ಜಿಗಣೆ), ಸುತ್ತ ಒಂದು ಮನೆಯಿಲ್ಲ. ತಿಂಗಳಲ್ಲಿ ಇಬ್ಬರು ಬಿಟ್ಟು ಹೋದರು. ಅವರದೂ ತಪ್ಪಲ್ಲ.

ಶಿವಮೊಗ್ಗ ಯಾಕೆ ಅಂದರೆ, ಮಾತು ನಮ್ಮದು. ನರರೋಗದ ಡಾಕ್ಟರು ಹತ್ತಿರ. ಊರವರು ಕೋರ್ಟು, ಆಸ್ಪತ್ರೆ ಅಂತ ಬಂದಾಗ ಹಾಗೇ ನೋಡಿಕೊಂಡು ಹೋಗಬಹುದು. ಇನ್ನೊಂದು ಕಾರಣ ಅಪ್ಪನೇ ಹುಡುಕಿಕೊಂಡರು. ನಮ್ಮ ಹಳ್ಳದ ನೀರು ಮಾಲತಿ ಸೇರುತ್ತದೆ, ಮಾಲತಿ ತುಂಗೆ ಸೇರುತ್ತದೆ, ಶಿವಮೊಗ್ಗದ ನಲ್ಲಿಯಲ್ಲಿ ಬರುವುದು ತುಂಗೆ ನೀರು. "ಹಂಗಾರೆ ನಮ್ಮನೆ ನೀರೇ" ಅಂದರು. ಒಪ್ಪಿಗೆ ಬಂದದ್ದು ಆ ಮಾತಿನ ಮೇಲೆ.

"ಮಳೆಗಾಲ ಒಂದು ಕಳೆಯಲಿ, ದೀಪಾವಳಿಗೆ ಮನೆಗೆ ಬನ್ನಿ, ಆಮೇಲೆ ನೀವೇ ಹೇಳಿ" ಎಂದಿದ್ದೆವು. ಸುಮ್ನೆ ಸಮಾಧಾನಕ್ಕೆ ಹೇಳಿದ್ದಲ್ಲ. ಮನೆ ಖಾಲಿ ಮಾಡಲಿಲ್ಲ, ದೇವರ ದೀಪ ಹಚ್ಚಲು ಒಬ್ಬರನ್ನು ಗೊತ್ತು ಮಾಡಿದೆವು, ಅಡಿಕೆ ಫಸಲು ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟೆವು. ಕಷ್ಟ ಆಗಿದ್ದು ದನದ ವಿಷಯ. ಮಲೆನಾಡು ಗಿಡ್ಡ, ಅಮ್ಮನ ದನಿ ಕೇಳಿದರೆ ಕೊಟ್ಟಿಗೆಯಿಂದಲೇ ಕೂಗುತ್ತಿತ್ತು. ಪಕ್ಕದೂರಿಗೆ ಹೊಡೆದುಕೊಂಡು ಹೋಗುವಾಗ ಅಮ್ಮ ಹೊರಗೆ ಬರಲೇ ಇಲ್ಲ. ಅಂಥದ್ದಕ್ಕೆ ಒಂದು ವಾರ ಮೊದಲೇ ಸಮಯ ಕೊಡಬೇಕಿತ್ತು. ನಾವು ಅದನ್ನೂ, ಪೆಟ್ಟಿಗೆ ಕಟ್ಟುವುದನ್ನೂ ಒಂದೇ ದಿನ ಇಟ್ಟುಕೊಂಡೆವು. ಈಗಲೂ ನೋವಾಗುತ್ತದೆ.

ದೀಪಾವಳಿಗೆ ಬಂದರು. ಒಂಬತ್ತು ದಿನ ಇದ್ದರು. ಹೊರಡೋಣ ಅಂದದ್ದು ಅಮ್ಮ. "ಅಲ್ಲಿ ರಾತ್ರಿ ಕರೆದ್ರೆ ಯಾರಾದ್ರೂ ಬರ್ತಾರೆ" ಎಂದರು.

ಈಗ ಆ ಆರೈಕೆ ಮನೆಯ ಬಗ್ಗೆ. ಸೌಕರ್ಯದ ಪಟ್ಟಿ ಎಲ್ಲ ಕಡೆಯೂ ಒಂದೇ ಥರ ಇರುತ್ತದೆ: ಹಿಡಿದುಕೊಳ್ಳಲು ಕಂಬಿ, ಜಾರದ ನೆಲ, ಕರೆಗಂಟೆ. ಇಲ್ಲೂ ಇವೆ, ಚೆನ್ನಾಗಿವೆ. ಬಚ್ಚಲ ಬಾಗಿಲು ಹೊರಗೆ ತೆರೆಯುತ್ತದೆ, ಇದನ್ನು ಮಾತ್ರ ನೋಡಲೇಬೇಕು. ಒಳಗೆ ತೆರೆಯುವ ಬಾಗಿಲಾದರೆ, ಬಿದ್ದವರ ಮೈಯೇ ಅಡ್ಡವಾಗಿ ಬಾಗಿಲು ತೆಗೆಯಲು ಬರುವುದಿಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಬೇರೆ. ಅಪ್ಪ ನಾಲ್ಕೂವರೆಗೆ ಏಳುತ್ತಾರೆ. ಕಾಫಿ ಆರೂವರೆಗೆ ಎಂಬ ನಿಯಮ ಇತ್ತು. ಒಂದು ವಾರ ನೋಡಿ, ಅಡುಗೆಯವರು ರಾತ್ರಿಯೇ ಫ್ಲಾಸ್ಕಿನಲ್ಲಿ ಬಿಸಿನೀರು, ಡಿಕಾಕ್ಷನ್ ಇಟ್ಟು ಹೋಗಲು ಶುರು ಮಾಡಿದರು. ರಾತ್ರಿ ಚಪಾತಿ ಬೇಡ ಅಂದವರಿಗೆ ಗಂಜಿ, ಮಿಡಿ ಉಪ್ಪಿನಕಾಯಿ. ಅಮ್ಮ ತರಕಾರಿ ಹೆಚ್ಚಲು ಮೆಟ್ಟುಗತ್ತಿ ಕೇಳಿದಾಗ ಕೊಡಲಿಲ್ಲ, ಕೈ ನಡುಗುತ್ತದೆ, ಸರಿಯೇ. ಆದರೆ ಸುಮ್ಮನೆ ಇಲ್ಲ ಅನ್ನದೆ, ಬುಟ್ಟಿ ಹರಿವೆ ಸೊಪ್ಪು ಮುಂದಿಟ್ಟರು. ಈಗ ದಿನಾ ಸೊಪ್ಪು ಬಿಡಿಸುವುದು ಅಮ್ಮನ ಕೆಲಸ. ಒಂದೆಲಗದ ತಂಬುಳಿಗೆ ಮೆಣಸು ಎಷ್ಟು ಅಂತ ಅಡುಗೆಯವರು ಬಂದು ಕೇಳುತ್ತಾರೆ. ಅಮ್ಮನ ಮುಖ ಆಗ ನೋಡಬೇಕು.

ಸೋತಿದ್ದು ಮಾತ್ರೆಯ ವಿಷಯದಲ್ಲಿ. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ.

ಮೊದಲ ಎರಡು ತಿಂಗಳು ಅಮ್ಮ ಸಂಜೆಯಾದರೆ ಮರಗಟ್ಟಿದ ಹಾಗೆ ಆಗುತ್ತಿದ್ದರು. ಕುರ್ಚಿಯಿಂದ ಏಳಲು ಆಗುತ್ತಿರಲಿಲ್ಲ. "ಹೊಸ ಜಾಗ, ಬೇಜಾರು, ಹೊಂದಿಕೊಳ್ತಾರೆ" ಅಂತ ಅಲ್ಲಿಯವರು ಹೇಳಿದರು. ನಾವೂ ನಂಬಿದೆವು. ಮೂರನೇ ತಿಂಗಳು ರಜೆ ಹಾಕಿ, ಎರಡು ದಿನ ಅಲ್ಲೇ ಉಳಿದು ನೋಡಿದೆ. ಎಲ್ಲರ ಮಾತ್ರೆಯೂ ಒಂದೇ ಟ್ರೇಯಲ್ಲಿ ತಿಂಡಿ, ಊಟದ ಜೊತೆ ಬರುತ್ತಿತ್ತು. ಎಂಟಕ್ಕೆ, ಒಂದಕ್ಕೆ, ಮತ್ತೆ ಎಂಟಕ್ಕೆ. ಪಾರ್ಕಿನ್ಸನ್‌ಗೆ ಕೊಡುವ ಅಮ್ಮನ ಲೆವೊಡೋಪಾ ಮಾತ್ರೆಗೆ ಡಾಕ್ಟರು ಬರೆದಿದ್ದದ್ದು ಆರು, ಹನ್ನೊಂದು, ನಾಲ್ಕು, ಒಂಬತ್ತು. ಅದೂ ಊಟಕ್ಕೆ ಅರ್ಧ ಗಂಟೆ ಮೊದಲು. ಬೇಳೆ, ಹಾಲು, ಮೊಸರಿನ ಪ್ರೋಟೀನು ಜೊತೆಗೆ ಹೋದರೆ ಆ ಮಾತ್ರೆ ಸರಿಯಾಗಿ ಹತ್ತುವುದಿಲ್ಲ. ಹೊತ್ತು ತಪ್ಪಿದರೆ ಮೈ ಬಿಗಿಯುತ್ತದೆ. ಬೇಜಾರಲ್ಲ ಅದು, ಮಾತ್ರೆ. ಡಾಕ್ಟರ ಹತ್ತಿರ ಮತ್ತೆ ಬರೆಸಿಕೊಂಡು ಬಂದೆ. ದೊಡ್ಡ ಕನ್ನಡ ಅಕ್ಷರದಲ್ಲಿ ಹೊತ್ತು ಬರೆದು ಗೋಡೆಗೆ ಅಂಟಿಸಿದೆ. ಅಪ್ಪನ ಗಡಿಯಾರಕ್ಕೆ ನಾಲ್ಕು ಅಲಾರಾಂ. ಹತ್ತೇ ದಿನದಲ್ಲಿ ಅಮ್ಮ ಸಂಜೆ ಅಂಗಳದಲ್ಲಿ ನಡೆದರು.

ಅವರು ತಪ್ಪು ಒಪ್ಪಿಕೊಂಡರು, ಸರಿ ಮಾಡಿದರು. ಆದರೆ ಸಿಬ್ಬಂದಿ ಬದಲಾದಾಗಲೆಲ್ಲ ಮತ್ತೆ ಜಾರುತ್ತದೆ. ಎರಡು ವರ್ಷದಲ್ಲಿ ನಾಲ್ಕು ಸಲ ಹೊಸಬರಿಗೆ ಹೇಳಿಕೊಟ್ಟಿದ್ದೇನೆ. ಮನೆಯವರು ಬಂದು ಹೋಗದಿದ್ದರೆ ಇಂಥ ಜಾಗ ನಡೆಯುವುದಿಲ್ಲ. ತಿಂಗಳಿಗೆ ಒಂದು ಸಲವಾದರೂ, ಹೇಳದೆ ಹೋಗಿ.

ಸೋಲಾರ್ ನೀರು ಜುಲೈನಲ್ಲಿ ತಣ್ಣಗಿರುತ್ತಿತ್ತು. ಹಂಡೆ ಒಲೆಯ ಬಿಸಿನೀರು ಮಿಂದು ಬೆಳೆದವರಿಗೆ ಅದು ಶಿಕ್ಷೆ. ದೂರಿದ ಮೇಲೆ ಗ್ಯಾಸ್ ಗೀಸರ್ ಬಂತು. ಏಪ್ರಿಲ್ ಸೆಖೆ ಮಾತ್ರ ಆಗುಂಬೆ ಕಡೆಯವರಿಗೆ ಕಷ್ಟವೇ.

ಆಸ್ಪತ್ರೆಯ ನಿಯಮವನ್ನು ಸೇರುವ ಮೊದಲೇ ಕೇಳಿ. ಎರಡನೇ ಚಳಿಗಾಲ ಅಪ್ಪನಿಗೆ ಎದೆ ಕಫ ಕಟ್ಟಿ ಬೆಳಗಿನ ಜಾವ ಮೂರಕ್ಕೆ ಉಸಿರು ಕಷ್ಟವಾಯಿತು. ಆಂಬ್ಯುಲೆನ್ಸ್ ಕರೆದು ಬೇಗ ಸೇರಿಸಿದರು, ಅದಕ್ಕೆ ನಾನು ಋಣಿ. ಆದರೆ ಜೊತೆಗೆ ಆಯಾ ಇರುವುದು 12 ಗಂಟೆ ಮಾತ್ರ. ಆಮೇಲೆ ಮನೆಯವರೇ ಬರಬೇಕು. ಬೆಂಗಳೂರಿನಿಂದ ಮುಟ್ಟಲು ಆರು ಗಂಟೆಯಾದರೂ ಬೇಕು. ಈಗ ಊರಿನ ಹುಡುಗನೊಬ್ಬ ಶಿವಮೊಗ್ಗದಲ್ಲಿ ಓದುತ್ತಿದ್ದಾನೆ, ಅವನ ನಂಬರೂ ಫೈಲಿನಲ್ಲಿದೆ.

ಖರ್ಚು: ಇಬ್ಬರಿಗೆ ಸೇರಿ ತಿಂಗಳಿಗೆ 42,000 ಇತ್ತು, ಈಗ 46,000. ಠೇವಣಿ ಎರಡು ಲಕ್ಷ. ಫಿಸಿಯೋ, ಔಷಧಿ, ಡಾಕ್ಟರು ಬೇರೆ. ಬಹುಪಾಲು ಚೇಣಿ ದುಡ್ಡಿನಲ್ಲೇ ಹೋಗುತ್ತದೆ. "ನನ್ನ ತೋಟದ ದುಡ್ಡಲ್ಲಿ ಇದೀನಿ" ಎಂದು ಅಪ್ಪ ಅಲ್ಲಿ ಎಲ್ಲರಿಗೂ ಹೇಳುತ್ತಾರೆ. ತೋಟವನ್ನು ಈಗಲೇ ಮಕ್ಕಳ ಹೆಸರಿಗೆ ಬರೆದುಬಿಡಿ ಅಂತ ನೆಂಟರು ಹೇಳಿದ್ದರು. ನಾನೂ ಅಣ್ಣನೂ ಬೇಡ ಅಂದೆವು. ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಮಕ್ಕಳು ನೋಡಿಕೊಳ್ಳದಿದ್ದರೆ ರದ್ದು ಮಾಡಿಸಲು 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಲ್ಲಿ ದಾರಿ ಇದೆ. ಆದರೆ 83ರ ವಯಸ್ಸಿನಲ್ಲಿ ಯಾರು ಕಚೇರಿ ಅಲೆಯುತ್ತಾರೆ? ದುಡ್ಡು ಅವರ ಕೈಯಲ್ಲೇ ಇರಲಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಹಿಡಿದಿಟ್ಟದ್ದು ರಾತ್ರಿಯ ಸಲುವಾಗಿ. ಒಪ್ಪಂದದಲ್ಲಿ '24 ಗಂಟೆ ನರ್ಸ್' ಎಂದಿದೆ. ಹತ್ತರಿಂದ ಆರರವರೆಗೆ ಇರುವುದು ಒಬ್ಬ ಆಯಾ, ನರ್ಸ್ ಫೋನಿನಲ್ಲಿ. ನಾವು ಅಲ್ಲಿಗೆ ಹೋದದ್ದೇ ಒಂದು ರಾತ್ರಿಯ ಕಾರಣಕ್ಕೆ ಅಲ್ವಾ?

ಭೂಮಿ ಹುಣ್ಣಿಮೆಗೆ ಅಪ್ಪನನ್ನು ಊರಿಗೆ ಕರೆದುಕೊಂಡು ಹೋಗಿದ್ದೆ. ಕಾಲುಸಂಕ ದಾಟಲು ಆಗಲಿಲ್ಲ. ಈಚೆ ದಡದಲ್ಲೇ ಕೋಲು ಊರಿ ನಿಂತರು, ನಾನು ಹೋಗಿ ಗದ್ದೆಗೆ ಚರಗ (ಭೂಮಿತಾಯಿಗೆ ಇಡುವ ಎಡೆ) ಚೆಲ್ಲಿ ಬಂದೆ. ಕಾರಿನಲ್ಲಿ ಮಂಡಗದ್ದೆ ದಾಟುವವರೆಗೂ ಮಾತಿಲ್ಲ. ಆಮೇಲೆ "ನಾಲ್ಕರ ಮಾತ್ರೆ ಅವಳಿಗೆ ಕೊಟ್ರಾ, ಕೇಳು" ಅಂದರು. ಫೋನ್ ಮಾಡಿದೆ. ಕೊಟ್ಟಿದ್ದರು.

ನವೆಂಬರಿನಲ್ಲಿ ಒಪ್ಪಂದ ಮತ್ತೆ ಬರೆಯಬೇಕು. ರಾತ್ರಿ ನರ್ಸ್ ಯಾರು, ಎಷ್ಟು ಹೊತ್ತಿಗೆ ಬರುತ್ತಾರೆ ಎಂಬುದನ್ನು ಈ ಸಲ ಬರೆಸಿಕೊಂಡೇ ಸಹಿ ಹಾಕುತ್ತೇವೆ.