ಗೇರ್‌ಬಾಕ್ಸ್ ಗಟ್ಟಿ, ಅದರೊಳಗಿನ ಬೋರ್ಡ್ ಅಲ್ಲ: ದುಬಾರಿ ಆಟೊಮ್ಯಾಟಿಕ್ ಕಾರು, ಹಲವು ವರ್ಷಗಳ ಬಳಕೆಯ ನಂತರ

ಈ ಕಾರಿನ ಗೇರ್‌ಬಾಕ್ಸ್ ಬಗ್ಗೆ ನನಗೆ ದೂರಿಲ್ಲ. ದೂರು ಇರುವುದು ಅದನ್ನು ನಡೆಸುವ ಟಿಸಿಎಂ ಮೇಲೆ, ಅಂದರೆ ಟ್ರಾನ್ಸ್‌ಮಿಷನ್ ಕಂಟ್ರೋಲ್ ಮಾಡ್ಯೂಲ್ ಎಂಬ ಎಲೆಕ್ಟ್ರಾನಿಕ್ ಬೋರ್ಡ್ ಮೇಲೆ. ಕಂಪನಿಯ ಹೆಸರು ಬರೆಯುತ್ತಿಲ್ಲ. ಐಷಾರಾಮಿ ಕಾರುಗಳಲ್ಲಿ ಈ ಕಾಯಿಲೆ ಯಾವುದೋ ಒಂದು ಬ್ರ್ಯಾಂಡಿಗೆ ಮಾತ್ರ ಅಂಟಿದ್ದಲ್ಲ.

ಎಲ್ಲ ಸರಿಯಿದ್ದಾಗ ಗೇರ್ ಬದಲಾದದ್ದು ಗೊತ್ತೇ ಆಗುವುದಿಲ್ಲ. ಆರ್‌ಪಿಎಂ ಮುಳ್ಳು ನೋಡಿದರಷ್ಟೇ ತಿಳಿಯುತ್ತದೆ. ಆ ನಯ ಬರುವುದೂ ಟಿಸಿಎಂನಿಂದಲೇ. ಗೇರ್‌ಬಾಕ್ಸಿಗೆ ಒಳಹೋಗುವ ಶಾಫ್ಟಿನ ವೇಗ, ಹೊರಬರುವ ಶಾಫ್ಟಿನ ವೇಗ, ಆಯಿಲ್‌ನ ಬಿಸಿ, ನಾವು ಆಕ್ಸಿಲರೇಟರ್ ಎಷ್ಟು ಒತ್ತಿದ್ದೇವೆ, ಇದೆಲ್ಲ ನೋಡಿಕೊಂಡು ಸೊಲೆನಾಯ್ಡ್‌ಗಳಿಗೆ, ಅಂದರೆ ಕರೆಂಟಿನಿಂದ ನಡೆಯುವ ಆಯಿಲ್ ವಾಲ್ವ್‌ಗಳಿಗೆ, ಅಳೆದು ಕರೆಂಟ್ ಕೊಡುತ್ತದೆ. ಅದಕ್ಕೆ ತಕ್ಕಂತೆ ಆಯಿಲ್ ಒತ್ತಡ ಏರಿಳಿಯುತ್ತದೆ. ಒಂದು ಕ್ಲಚ್ ಬಿಡುವ ಹೊತ್ತಿಗೆ ಇನ್ನೊಂದು ಹಿಡಿಯುತ್ತದೆ.

ತೊಂದರೆ ಮೆಲ್ಲಗೆ ಶುರುವಾಯಿತು. ಟ್ರಾಫಿಕ್‌ನಲ್ಲಿ ತುಂಬ ಹೊತ್ತು ತೆವಳಿದ ಮೇಲೆ ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಒಂದು ಜರ್ಕ್. ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲ ಎಂಬಂತೆ ಓಡುತ್ತಿತ್ತು. ಸರ್ವೀಸ್ ಸೆಂಟರಿನಲ್ಲಿ ತಣ್ಣಗಿದ್ದ ಕಾರಿಗೆ ಸ್ಕ್ಯಾನರ್ ಹಾಕಿ, ಏನೂ ತೋರಿಸುತ್ತಿಲ್ಲ ಎಂದು ಕಳಿಸಿದರು. ಬಿಸಿಯಾದಾಗ ಮಾತ್ರ ಬರುವ ದೋಷವನ್ನು ತಣ್ಣಗಿರುವಾಗ ಹುಡುಕಿದರೆ ಸಿಗುತ್ತದಾ?

ಆಮೇಲೆ ಒಂದು ದಿನ ವಾರ್ನಿಂಗ್ ಲೈಟ್ ಬಂತು, ಕಾರು ಲಿಂಪ್ ಮೋಡಿಗೆ, ಅಂದರೆ ಕುಂಟುತ್ತ ಸಾಗುವ ಸ್ಥಿತಿಗೆ ಹೋಯಿತು. ಟಿಸಿಎಂಗೆ ತನ್ನ ಲೆಕ್ಕದ ಮೇಲೆ ನಂಬಿಕೆ ಹೋದಾಗ ಸೊಲೆನಾಯ್ಡ್‌ಗಳ ಕರೆಂಟ್ ಕಡಿದುಬಿಡುತ್ತದೆ. ಆಗ ಸಿಗುವುದು ಒಂದೇ ಮುಂದಿನ ಗೇರ್, ಜೊತೆಗೆ ರಿವರ್ಸ್. ಯಾವ ಗೇರ್ ಎನ್ನುವುದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಗೇರ್‌ಬಾಕ್ಸನ್ನು ಕಾಪಾಡಲು ಇರುವ ಏರ್ಪಾಡು ಇದು, ಅದರ ಬಗ್ಗೆ ತಕರಾರಿಲ್ಲ. ಆದರೆ ಎಲ್ಲರೂ ವೇಗವಾಗಿ ಹೋಗುತ್ತಿರುವ ರಸ್ತೆಯಲ್ಲಿ ಕಾರು ಹೀಗೆ ಮುಷ್ಕರ ಹೂಡಿದರೆ ಎದೆ ಧಸಕ್ಕೆನ್ನುತ್ತದೆ.

ಈ ಸಲ ಸರ್ವೀಸ್ ಸೆಂಟರಿನವರು ಇಡೀ ಗೇರ್‌ಬಾಕ್ಸ್ ಬದಲಿಸಬೇಕು ಎಂದರು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು. ಟಿಸಿಎಂ ರಿಪೇರಿಯಲ್ಲಿ ಪಳಗಿದ ಇನ್ನೊಬ್ಬರ ಹತ್ತಿರ ಹೋದೆ. ಅವರು ಮೊದಲು ನೋಡಿದ್ದು ಬ್ಯಾಟರಿ. ವೋಲ್ಟೇಜ್ ಕಮ್ಮಿಯಿದ್ದರೂ ಗೇರ್‌ಬಾಕ್ಸ್ ಕೆಟ್ಟಿದೆ ಎಂದು ತೋರಿಸುವ ಸುಳ್ಳು ಕೋಡ್‌ಗಳು ಬರುತ್ತವಂತೆ. ಆಮೇಲೆ ಕಾರನ್ನು ಚೆನ್ನಾಗಿ ಬಿಸಿಮಾಡಿ ಸ್ಕ್ಯಾನ್ ಮಾಡಿದರು. ಪಿ0700 ಎಂಬ ದೋಷದ ಕೋಡ್ ಬಂತು. ಇದು ಸುಮ್ನೆ "ಗೇರ್‌ಬಾಕ್ಸ್ ಕಡೆ ಏನೋ ಆಗಿದೆ" ಎನ್ನುವ ಕೋಡ್, ಇದೊಂದನ್ನೇ ತೋರಿಸಿ ಯಾರಾದರೂ ಎಸ್ಟಿಮೇಟ್ ಕೊಟ್ಟರೆ ಒಪ್ಪಬೇಡಿ. ನಿಜವಾದ ಸುಳಿವು ಅದರ ಹಿಂದಿದ್ದ ಪಿ0715, ಅಂದರೆ ಒಳಹೋಗುವ ಶಾಫ್ಟಿನ ವೇಗ ಅಳೆಯುವ ಇನ್‌ಪುಟ್ ಸ್ಪೀಡ್ ಸೆನ್ಸರ್. ಬಿಸಿ ಏರಿದಂತೆ ಅದರ ಸಿಗ್ನಲ್ ಕಡಿದುಹೋಗುತ್ತಿತ್ತು. ಕ್ಲಚ್, ಗೇರ್, ಟಾರ್ಕ್ ಕನ್ವರ್ಟರ್ ಎಲ್ಲ ಚೆನ್ನಾಗಿದ್ದವು.

ಹಾಗಾದರೆ ಸೆನ್ಸರ್ ಒಂದನ್ನೇ ಬದಲಿಸಬಹುದಲ್ವಾ? ಆಗುವುದಿಲ್ಲ. ನನ್ನ ಸಿಟ್ಟು ಇರುವುದೇ ಇಲ್ಲಿ. ಸೆನ್ಸರ್, ಟಿಸಿಎಂ ಎರಡೂ ಒಂದೇ ತುಂಡು. ಅದು ಕೂತಿರುವುದು ಗೇರ್‌ಬಾಕ್ಸ್ ಒಳಗೆ, ಆಯಿಲ್ ಹರಿವನ್ನು ಹಂಚುವ ವಾಲ್ವ್ ಬಾಡಿ ಮೇಲೆ, ಬಿಸಿ ಆಯಿಲ್‌ನಲ್ಲಿ. ಇದಕ್ಕೆ ಮೆಕಾಟ್ರಾನಿಕ್ ಎನ್ನುತ್ತಾರೆ. ಗೇರ್‌ಬಾಕ್ಸ್ ತಯಾರಿಸುವ ಝಡ್‌ಎಫ್ ಕಂಪನಿಯ 6 ಸ್ಪೀಡ್ ಗೇರ್‌ಬಾಕ್ಸ್ ಬಂದ ಕಾಲದಿಂದ ದುಬಾರಿ ಕಾರುಗಳಲ್ಲಿ ಇದೇ ರೂಢಿ. ವೈರ್ ಕಮ್ಮಿ, ಫ್ಯಾಕ್ಟರಿಯಲ್ಲೇ ಎಲ್ಲ ಹೊಂದಿಸಿ ಕಳಿಸಬಹುದು, ಲಾಭ ಇದೆ. ಆದರೆ ಬೋರ್ಡ್ ದಿನವೂ ಕಾದು ತಣ್ಣಗಾಗುತ್ತದೆ. ವರ್ಷಗಟ್ಟಲೆ ಹೀಗಾದರೆ ಸೋಲ್ಡರ್ ಬೆಸುಗೆ ಬಿರುಕು ಬಿಡುತ್ತದೆ. ಮಾಡ್ಯೂಲ್ ಹೊರಗಿದ್ದರೆ ಪಾರು ಎಂದೂ ಅಲ್ಲ. ಮರ್ಸಿಡಿಸ್‌ನ 722.6 ಗೇರ್‌ಬಾಕ್ಸಿನಲ್ಲಿ ಕನೆಕ್ಟರ್‌ನ ರಬ್ಬರ್ ರಿಂಗ್ ಸೋತರೆ ಆಯಿಲ್ ವೈರಿನೊಳಗೇ ಹತ್ತಿಕೊಂಡು ದೂರದ ಮಾಡ್ಯೂಲ್‌ವರೆಗೂ ತಲುಪುವುದು ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತಿರುವ ಕಥೆ.

ಹಳೇ ಕಾರಿನಿಂದ ಬಿಚ್ಚಿದ ಮಾಡ್ಯೂಲ್ ತಂದು ಹಾಕೋಣ ಎಂದರೆ ಅದಕ್ಕೂ ಬೀಗ. ಹಲವು ಕಾರುಗಳಲ್ಲಿ ಟಿಸಿಎಂ ಆ ಕಾರಿನ ಗುರುತನ್ನು ನೆನಪಿಟ್ಟುಕೊಂಡಿರುತ್ತದೆ, ಇನ್ನೊಂದರಲ್ಲಿ ಹಾಕಿದರೆ ಕಾರು ಒಪ್ಪುವುದಿಲ್ಲ. ಕಳ್ಳತನ ತಡೆಯಲು ಎನ್ನುತ್ತಾರೆ. ಹೊಸದಾದರೂ ಕಂಪನಿಯ ಸಾಫ್ಟ್‌ವೇರಿನಲ್ಲಿ ಕೋಡಿಂಗ್, ಅಂದರೆ ಆ ಕಾರಿಗೆ ಹೊಂದಿಸುವ ಕೆಲಸ, ಆಗಬೇಕು. ಅದಕ್ಕೇ ನಾನು ನನ್ನ ಬೋರ್ಡನ್ನೇ ರಿಪೇರಿ ಮಾಡಿಸಿದೆ. ಡೇಟಾ ಹಾಗೇ ಉಳಿಯಿತು, ಕೋಡಿಂಗ್ ಗೋಜೇ ಬರಲಿಲ್ಲ. ಬಿಚ್ಚಿದಾಗಲೇ ಕನೆಕ್ಟರ್ ಸೀಲ್, ಫಿಲ್ಟರ್, ಆಯಿಲ್ ಎಲ್ಲ ಹೊಸದು ಹಾಕಿದರು. ಅಡಾಪ್ಟೇಶನ್, ಅಂದರೆ ಟಿಸಿಎಂ ಓಡುತ್ತ ಓಡುತ್ತ ಕಲಿತುಕೊಂಡ ಹೊಂದಾಣಿಕೆ, ರೀಸೆಟ್ ಆದ ಮೇಲೆ ಸ್ವಲ್ಪ ದಿನ ಗೇರ್ ಒರಟಾಗಿ ಬೀಳುತ್ತಿತ್ತು, ಆಮೇಲೆ ತಾನೇ ಹದಕ್ಕೆ ಬಂತು. ಜರ್ಕ್ ಮತ್ತೆ ಬಂದಿಲ್ಲ. ಬೆಳಗಿನ ಮೊದಲ ಒಂದೆರಡು ಶಿಫ್ಟ್ ಮಾತ್ರ ಹಳೆಯಷ್ಟು ನಯವಿಲ್ಲ.

ಗೇರ್‌ಬಾಕ್ಸ್ ಆಯಿಲ್ "ಲೈಫ್‌ಟೈಮ್" ಎಂದು ಕಾರು ಕಂಪನಿಗಳು ಹೇಳುವುದನ್ನು ನಾನಂತೂ ನಂಬುವುದಿಲ್ಲ. ಗೇರ್‌ಬಾಕ್ಸ್ ಮಾಡುವ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ಒಳಗೆ, ಇಲ್ಲವೇ 8 ವರ್ಷಕ್ಕೆ ಬದಲಿಸಿ ಎನ್ನುತ್ತದೆ. ಆಯಿಲ್ ಬದಲಿಸಿದರೆ ಬೋರ್ಡ್ ಕೆಡುವುದಿಲ್ಲ ಎಂದೇನಲ್ಲ, ಆದರೆ ಸೊಲೆನಾಯ್ಡ್‌ಗಳಿಗೆ ಒಳ್ಳೆಯದು.

ಅಂಕ: ಗೇರ್‌ಬಾಕ್ಸಿಗೆ 5ಕ್ಕೆ ನಾಲ್ಕೂವರೆ, ಟಿಸಿಎಂಗೆ 2. ಕಾರು ಮಾರುವ ಯೋಚನೆ ನನಗಿಲ್ಲ. ಇಂಥ ಕಾರು ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಟೆಸ್ಟ್ ಡ್ರೈವನ್ನು ಹತ್ತು ನಿಮಿಷಕ್ಕೆ ಮುಗಿಸಬೇಡಿ. ಆಯಿಲ್ ಪೂರ್ತಿ ಬಿಸಿಯಾಗುವಷ್ಟು ಓಡಿಸಿ, ಟ್ರಾಫಿಕ್‌ನಲ್ಲಿ ತೆವಳಿಸಿ, ಇಳಿಯುವ ಮೊದಲು ಅಲ್ಲೇ ಸ್ಕ್ಯಾನ್ ಮಾಡಿಸಿ. ಮಾರುವವರು ಅದಕ್ಕೆ ಒಪ್ಪದಿದ್ದರೆ ಬೇರೆ ಕಾರು ನೋಡಿ.