ಕೈ ಜೋಮಿಗೆ ರೆಕ್ಕೆ ಗ್ರಿಪ್: ಎರಡು ವರ್ಷ ಬಳಸಿದ ಮೇಲೆ

ನೇರ ಹ್ಯಾಂಡಲ್‌ನ ಸೈಕಲ್ ಓಡಿಸುವವರಿಗೆ ಕೈ ಜೋಮು ಹಿಡಿಯುವುದು ಹೊಸ ವಿಷಯವೇನಲ್ಲ. ಸ್ವಲ್ಪ ದೂರ ಹೋದಮೇಲೆ ಒಂದು ಕೈ ಬಿಟ್ಟು ಕೊಡವುವುದು, ಇನ್ನಷ್ಟು ದೂರ ಹೋಗಿ ಇನ್ನೊಂದು ಕೈ ಕೊಡವುವುದು, ಇದು ಎಷ್ಟೋ ಜನರಿಗೆ ಅಭ್ಯಾಸವೇ ಆಗಿಬಿಟ್ಟಿರುತ್ತದೆ. ಇದಕ್ಕೆ ಪರಿಹಾರ ಎಂದು ಮಾರುವ ವಸ್ತುಗಳಲ್ಲಿ ನಾನು ಹೆಚ್ಚು ಕಾಲ ಬಳಸಿದ್ದು ರೆಕ್ಕೆ ಗ್ರಿಪ್. ಮಾಮೂಲಿ ಗುಂಡನೆಯ ಹಿಡಿಕೆಯೇ. ಆದರೆ ಹೊರತುದಿಯ ಕಡೆ ಹಿಂದಕ್ಕೆ ಚಪ್ಪಟೆಯಾಗಿ ಅಗಲಗೊಂಡು, ಅಂಗೈ ಬುಡ ಊರಿಕೊಳ್ಳಲು ಒಂದಿಷ್ಟು ಜಾಗ ಇರುತ್ತದೆ. ಜರ್ಮನಿಯ ಎರ್ಗಾನ್ ಕಂಪನಿಯಿಂದ ಹೆಸರಾದ ಆಕಾರ ಇದು, ಈಗ ಬೇರೆ ಕಂಪನಿಗಳೂ ಇದೇ ಮಾದರಿಯಲ್ಲಿ ಮಾಡುತ್ತವೆ. ನನ್ನದು ಅಂಥ ಬೇರೆ ಕಂಪನಿಯ ಜೋಡಿ. ಹೆಸರು ಬಿಡಿ, ಕೆಳಗೆ ಬರುವ ಬಹುಪಾಲು ಮಾತು ಆ ಆಕಾರದ ಬಗ್ಗೆಯೇ. ಬಳಕೆ ಶುರುವಾಗಿ ಎರಡು ವರ್ಷ ದಾಟಿದೆ.

ಅವಸರದಲ್ಲಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಐದಕ್ಕೆ ನಾಲ್ಕು. ಕಿರುಬೆರಳಿನ ಜೋಮು ಗ್ರಿಪ್‌ನಿಂದಲೇ ಹೋಯಿತು. ಅಂಗೈ ನೋವು ಮಾತ್ರ ಅರ್ಧ ಉಳಿದಿತ್ತು. ಅದು ಹೋಗಿದ್ದು ಸೀಟು ಸರಿಮಾಡಿದ ಮೇಲೆ.

ಇದನ್ನು ಕೊಳ್ಳುವ ಮೊದಲು ನಿಮ್ಮ ಯಾವ ಬೆರಳಿಗೆ ಜೋಮು ಹಿಡಿಯುತ್ತದೆ ಎಂದು ಗಮನಿಸಿ. ಕಿರುಬೆರಳು ಮತ್ತು ಅದರ ಪಕ್ಕದ ಉಂಗುರ ಬೆರಳಿನ ಅರ್ಧಭಾಗ ಜುಮ್ಮೆನ್ನುತ್ತಿದ್ದರೆ ಒತ್ತಡ ಬೀಳುತ್ತಿರುವುದು ಅಲ್ನಾರ್ ನರದ ಮೇಲೆ. ಅಂಗೈ ಬುಡದಲ್ಲಿ, ಕಿರುಬೆರಳಿನ ಕಡೆ, ಒತ್ತಿ ನೋಡಿದರೆ ಬಟಾಣಿಯಷ್ಟು ಒಂದು ಮೂಳೆ ಕೈಗೆ ಸಿಗುತ್ತದೆ. ಆ ನರ ಅದರ ಪಕ್ಕದಲ್ಲೇ, ಒಂದು ಇಕ್ಕಟ್ಟಾದ ದಾರಿಯಲ್ಲಿ ಹಾದು ಬೆರಳಿನ ಕಡೆ ಹೋಗುತ್ತದೆ. 1861ರಲ್ಲಿ ಅದನ್ನು ವಿವರಿಸಿದ ಫ್ರೆಂಚ್ ವೈದ್ಯ ಗ್ಯೋನ್ ಅವರ ಹೆಸರೇ ಆ ದಾರಿಗೆ ಉಳಿದುಕೊಂಡಿದೆ. ಅಲ್ಲಿ ನರದ ಮೇಲೆ ದಪ್ಪ ಮಾಂಸದ ಹೊದಿಕೆ ಇಲ್ಲ. ಗುಂಡಗಿನ ಗ್ರಿಪ್ ಹಿಡಿದಾಗ ಮೈಭಾರದ ಒಂದು ಪಾಲು ಸರಿಯಾಗಿ ಆ ಜಾಗಕ್ಕೇ ಬಂದು ಕೂರುತ್ತದೆ. ಜೊತೆಗೆ ರಸ್ತೆಯ ಕಂಪನ ಬೇರೆ.

ಹೆಬ್ಬೆರಳು, ತೋರುಬೆರಳು, ನಡುಬೆರಳು ಮರಗಟ್ಟುತ್ತಿದ್ದರೆ ಕತೆ ಬೇರೆ. ಅದು ಮೀಡಿಯನ್ ನರ, ಮಣಿಕಟ್ಟಿನ ನಡುವೆ ಹಾಯುವಂಥದ್ದು. ಮಣಿಕಟ್ಟು ತುಂಬ ಹೊತ್ತು ಹಿಂದಕ್ಕೆ ಬಾಗಿಕೊಂಡಿದ್ದರೆ ಅದಕ್ಕೆ ತೊಂದರೆ. ಅದಕ್ಕೆ ರೆಕ್ಕೆ ಗ್ರಿಪ್‌ಗಿಂತ ಬ್ರೇಕ್ ಲಿವರ್‌ನ ಕೋನ ಸರಿಮಾಡುವುದು ಮುಖ್ಯ, ಮತ್ತು ಆ ಕೆಲಸಕ್ಕೆ ಒಂದು ಅಲನ್ ಕೀ (ಆರು ಮೂಲೆಯ, ಬಾಗಿದ ಕೀಲಿ) ಸಾಕು. ಇನ್ನು ಸೈಕಲ್ ಇಳಿದು ಎಷ್ಟೋ ಹೊತ್ತಾದರೂ ಜೋಮು ಬಿಡದಿದ್ದರೆ, ಅಂಗಿಯ ಗುಂಡಿ ಹಾಕಲು, ಬೀಗದಲ್ಲಿ ಕೀಲಿ ತಿರುಗಿಸಲು ಕಷ್ಟವಾಗುತ್ತಿದ್ದರೆ, ಬೆರಳುಗಳನ್ನು ಅಗಲಿಸಲು ಬಲ ಸಾಲದಿದ್ದರೆ, ಗ್ರಿಪ್ ಹುಡುಕುತ್ತಾ ಕೂರಬೇಡಿ, ವೈದ್ಯರ ಹತ್ತಿರ ಹೋಗಿ.

ಇನ್ನು ರೆಕ್ಕೆಯ ಕೆಲಸಕ್ಕೆ ಬರೋಣ. ಒಂದೇ ಬಿಂದುವಿನ ಮೇಲೆ ಬೀಳುತ್ತಿದ್ದ ಭಾರವನ್ನು ಅದು ಅಂಗೈ ಬುಡದ ಅಗಲಕ್ಕೆಲ್ಲ ಹಂಚುತ್ತದೆ, ಮಣಿಕಟ್ಟು ಕೆಳಗೆ ಕುಸಿಯದಂತೆ ತಡೆಯುತ್ತದೆ. ಬೇರೇನೂ ಮಾಂತ್ರಿಕತೆ ಇಲ್ಲ. ಆದರೆ ಈ ಎರಡು ಕೆಲಸ ಆಗಬೇಕಾದರೆ ರೆಕ್ಕೆ ಕೂರುವ ಕೋನ ಸರಿಯಾಗಿರಬೇಕು. ಈ ಗ್ರಿಪ್‌ಗಳನ್ನು ಬೈಯುವವರ ಸೈಕಲ್ ನೋಡಿದಾಗ ನನಗೆ ಹೆಚ್ಚಾಗಿ ಕಾಣಿಸುವುದು ತಪ್ಪಾಗಿ ತಿರುಗಿ ಕೂತ ರೆಕ್ಕೆ. ಅಂಗಡಿಯಲ್ಲಿ ಹಾಕಿಕೊಡುವವರು ನೋಡಲು ಚೆಂದ ಎಂದು ನೆಲಕ್ಕೆ ಸಮಾನಾಂತರವಾಗಿ ಹಾಕಿಬಿಡುತ್ತಾರೆ. ನಮ್ಮ ತೋಳು ನೆಲಕ್ಕೆ ಸಮಾನಾಂತರವಾಗಿ ಬರುವುದಿಲ್ಲವಲ್ಲ! ಭುಜದಿಂದ ಇಳಿಜಾರಾಗಿ ಬರುತ್ತದೆ. ರೆಕ್ಕೆ ಆ ಇಳಿಜಾರಿಗೆ ಹೊಂದಿಕೊಳ್ಳಬೇಕು.

ನಾನು ಮಾಡುವ ಕ್ರಮ ಇದು. ಗ್ರಿಪ್‌ನ ಬಿಗಿ ಸ್ಕ್ರೂವನ್ನು ಪೂರ್ತಿ ಸಡಿಲಿಸದೆ, ಕೈಯಿಂದ ಬಲವಾಗಿ ತಿರುಚಿದರೆ ಮಾತ್ರ ತಿರುಗುವಷ್ಟು ಬಿಡುವುದು. ಸೈಕಲನ್ನು ಗೋಡೆಗೆ ಒರಗಿಸಿ, ಹತ್ತಿ ಕೂತು, ಕಣ್ಣು ಮುಚ್ಚಿ ಕೈ ಇಡುವುದು. ಮೊಣಕೈ ಸ್ವಲ್ಪ ಬಾಗಿರಲಿ. ಮುಂಗೈಯಿಂದ ಕೈಯ ಹಿಂಭಾಗದ ತನಕ ಒಂದೇ ಗೆರೆ ಬರುವ ತನಕ ರೆಕ್ಕೆಯನ್ನು ತಿರುಗಿಸುವುದು. ರೆಕ್ಕೆಯ ಹಿಂಬದಿ ಅಂಚು ತೀರಾ ಮೇಲಿದ್ದರೆ ಅದು ಅಂಗೈ ಬುಡಕ್ಕೆ ಚುಚ್ಚುತ್ತದೆ, ಹೊಸ ಗ್ರಿಪ್ ಹಾಕಿದ್ದಕ್ಕೇ ಹೊಸ ನೋವು. ತೀರಾ ಕೆಳಗಿದ್ದರೆ ಮಣಿಕಟ್ಟು ಜಗ್ಗಿಕೊಳ್ಳುತ್ತದೆ, ರೆಕ್ಕೆ ಇದ್ದೂ ಇಲ್ಲದ ಹಾಗೆ. ಬರೀ ಕಣ್ಣಿಗೆ ಕಂಡೂ ಕಾಣದಷ್ಟು ತಿರುಗಿಸಿದರೂ ಕೈಗೆ ಗೊತ್ತಾಗುತ್ತದೆ. ಕೋನ ಸಿಕ್ಕಿದ ಮೇಲೆ ಗ್ರಿಪ್‌ಗೂ ಹ್ಯಾಂಡಲ್‌ಗೂ ಸೇರಿಸಿ ಸಣ್ಣ ಗುರುತು ಹಾಕಿಡಿ. ಮುಂದೆ ಬಿಚ್ಚಿ ಹಾಕುವಾಗ ಮತ್ತೆ ಮೊದಲಿನಿಂದ ಶುರು ಮಾಡಬೇಕಿಲ್ಲ.

ಇದರ ಜೊತೆಗೇ ಬ್ರೇಕ್ ಲಿವರ್. ಗ್ರಿಪ್ ಮೇಲೆ ಅಂಗೈ ಇದ್ದಂತೆಯೇ ಬೆರಳು ಚಾಚಿದರೆ ಅದು ನೇರ ಹೋಗಿ ಲಿವರ್ ಮೇಲೆ ಕೂರಬೇಕು. ಲಿವರ್ ಮೇಲಕ್ಕೆ ನೋಡುತ್ತಿದ್ದರೆ ಪ್ರತಿ ಸಲ ಬ್ರೇಕ್‌ಗೆ ಬೆರಳಿಟ್ಟಾಗಲೂ ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ. ಸಣ್ಣ ಕೈಯವರು ಲಿವರ್ ಬುಡದಲ್ಲಿರುವ ಪುಟ್ಟ ಸ್ಕ್ರೂ ತಿರುಗಿಸಿ ಅದನ್ನು ಹ್ಯಾಂಡಲ್ ಹತ್ತಿರಕ್ಕೆ ತಂದುಕೊಳ್ಳಬಹುದು. ಬಹಳಷ್ಟು ಲಿವರ್‌ಗಳಲ್ಲಿ ಆ ಸ್ಕ್ರೂ ಇರುತ್ತದೆ, ಮುಟ್ಟುವವರು ಕಡಿಮೆ. ಹತ್ತಿರ ತಂದಮೇಲೆ ಲಿವರ್ ಹ್ಯಾಂಡಲ್‌ಗೆ ತಾಗುವ ಮೊದಲೇ ಬ್ರೇಕ್ ಪೂರ್ತಿ ಹಿಡಿಯುತ್ತದೆಯೇ ಎಂದು ನೋಡಿಯೇ ರಸ್ತೆಗಿಳಿಯಿರಿ.

ಕೊಳ್ಳುವಾಗ ಗಮನಿಸಬೇಕಾದದ್ದು: ಅಳತೆ. ನೇರ ಹ್ಯಾಂಡಲ್‌ನ ಹಿಡಿಕೆ ಜಾಗದ ವ್ಯಾಸ ಸಾಮಾನ್ಯವಾಗಿ 22.2 ಮಿಲಿಮೀಟರ್, ಈ ಗ್ರಿಪ್‌ಗಳು ಅದಕ್ಕೇ ಮಾಡಿದವು. ಕೆಳಗೆ ಬಾಗಿದ ರೇಸಿಂಗ್ ಹ್ಯಾಂಡಲ್ ಅದಕ್ಕಿಂತ ದಪ್ಪ, ಸುಮಾರು 24 ಮಿಲಿಮೀಟರ್, ಅದರಲ್ಲಿ ಇವು ಹಿಡಿಸುವುದಿಲ್ಲ. ಗ್ರಿಪ್ ತಿರುಚಿ ಗೇರ್ ಬದಲಿಸುವ ಸೈಕಲ್ ಆದರೆ ಆ ಬದಿಗೆ ಉದ್ದ ಕಡಿಮೆ ಇರುವ ಗ್ರಿಪ್ ಬೇಕು, ಕೇಳಿ ಪಡೆಯಿರಿ. ಕೆಲವು ಮಾದರಿಗಳು ಕೈಯ ಗಾತ್ರಕ್ಕೆ ತಕ್ಕಂತೆ ಚಿಕ್ಕದು, ದೊಡ್ಡದು ಎಂದು ಎರಡು ಅಳತೆಯಲ್ಲಿ ಬರುತ್ತವೆ. ದೊಡ್ಡದಾದರೆ ಹೆಚ್ಚು ಆರಾಮ ಎಂದುಕೊಂಡು ಸಣ್ಣ ಕೈಯವರು ದಪ್ಪ ಗ್ರಿಪ್ ತೆಗೆದುಕೊಂಡರೆ ಇಡೀ ದಾರಿ ಬಿಗಿಯಾಗಿ ಹಿಡಿದುಕೊಂಡೇ ಹೋಗಬೇಕಾಗುತ್ತದೆ, ಮುಂಗೈ ಸೋಲುತ್ತದೆ.

ಸ್ಕ್ರೂ ಇಲ್ಲದೆ ಬರೀ ತೂರಿಸಿ ಕೂರಿಸುವ ಅಗ್ಗದ ರೆಕ್ಕೆ ಗ್ರಿಪ್‌ಗಳೂ ಸಿಗುತ್ತವೆ. ದಯವಿಟ್ಟು ಬೇಡ. ರೆಕ್ಕೆ ಎಂದರೆ ಒಂದು ಸನ್ನೆಗೋಲು, ಅದರ ಮೇಲೆ ಭಾರ ಬಿದ್ದಾಗೆಲ್ಲ ಗ್ರಿಪ್ ತಿರುಗಲು ನೋಡುತ್ತದೆ. ಬೆವರು, ಮಳೆನೀರು ಒಳಗೆ ಇಳಿದರೆ ತಿರುಗಿಯೇ ತಿರುಗುತ್ತದೆ. ಸ್ಕ್ರೂ ಇರುವುದನ್ನೂ ಅದರ ಮೇಲೆ ಅಚ್ಚು ಹಾಕಿದ ಬಿಗಿತದಷ್ಟೇ ಬಿಗಿಯಬೇಕು. ಕಾರ್ಬನ್ ಹ್ಯಾಂಡಲ್ ಇದ್ದರಂತೂ ಬಿಗಿತ ಅಳೆದು ತಿರುಗಿಸುವ ಟಾರ್ಕ್ ವ್ರೆಂಚ್ ಇಲ್ಲದೆ ಕೈಹಾಕಬೇಡಿ.

ಎರಡು ವರ್ಷದಲ್ಲಿ ಸವೆತ ಹೇಗಿದೆ? ಆಕಾರ ಹಾಗೇ ಇದೆ, ರೆಕ್ಕೆ ಜೋತು ಬಿದ್ದಿಲ್ಲ. ಮೇಲ್ಮೈ ಮಾತ್ರ ಮುಪ್ಪಾಗಿದೆ. ಹೊಸದರಲ್ಲಿ ಇದ್ದ ಸಣ್ಣ ಸಣ್ಣ ಚುಕ್ಕೆಗಳ ವಿನ್ಯಾಸ ಹೆಬ್ಬೆರಳು ಸುತ್ತುವ ಜಾಗದಲ್ಲಿ ನುಣುಪಾಗಿ ಹೊಳೆಯುತ್ತದೆ. ಬಿಸಿಲಿಗೆ ಹೆಚ್ಚು ಮುಖ ಮಾಡಿ ನಿಲ್ಲುವ ಎಡಗಡೆಯದ್ದು ಬಲಗಡೆಯದ್ದಕ್ಕಿಂತ ಹೆಚ್ಚು ಅಂಟು. ಬೆರಳಿಟ್ಟು ತೆಗೆದರೆ ಸಣ್ಣಗೆ ಎಳೆದ ಹಾಗಾಗುತ್ತದೆ, ಕೈಗೆ ಕಪ್ಪು ಹತ್ತುತ್ತದೆ. ನನ್ನ ಒಂದು ನಕ್ಷತ್ರ ಹೋಗಿದ್ದು ಇಲ್ಲಿಯೇ. ಮೆತ್ತಗಿನ ರಬ್ಬರ್‌ನ ಹಣೆಬರಹವೇ ಅದು, ಬಿಸಿಲು, ಬೆವರು, ಸನ್‌ಸ್ಕ್ರೀನ್, ಸೊಳ್ಳೆಗೆ ಹಚ್ಚಿಕೊಳ್ಳುವ ಮುಲಾಮು ಎಲ್ಲವೂ ಅದಕ್ಕೆ ಶತ್ರು. ಸಾಬೂನು ನೀರಿನಲ್ಲಿ ಒರೆಸಿ ಒಣಗಿಸಿದರೆ ಸ್ವಲ್ಪ ದಿನ ಸುಧಾರಿಸುತ್ತದೆ. ಜಿಡ್ಡು ಹೋಗಲಿ ಎಂದು ಪೆಟ್ರೋಲ್, ಸೀಮೆಎಣ್ಣೆ ಹಚ್ಚಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ. ಮುಂದಿನ ಸಲ ತುಸು ಗಟ್ಟಿ ರಬ್ಬರ್‌ನದ್ದೇ ತೆಗೆದುಕೊಳ್ಳುತ್ತೇನೆ. ಮೆತ್ತಗಿದ್ದರೆ ಕೈಗೆ ಹಿತ ಎನ್ನುವುದು ಅಂಗಡಿಯಲ್ಲಿ ಒತ್ತಿ ನೋಡುವಾಗಿನ ಮಾತು. ತೀರಾ ಮೆತ್ತಗಿದ್ದದ್ದು ಭಾರ ಬಿದ್ದೊಡನೆ ತಳಕ್ಕೆ ಕುಸಿದು, ಕೆಳಗಿನ ಗಟ್ಟಿ ಭಾಗ ಮತ್ತೆ ಅದೇ ನರಕ್ಕೆ ಒತ್ತುತ್ತದೆ. ದಪ್ಪ ಜೆಲ್ ಇರುವ ಕೈಗವಸಿನದ್ದೂ ಇದೇ ಸಮಸ್ಯೆ. ಜೆಲ್ ಸರಿಯಾದ ಜಾಗದಲ್ಲಿದ್ದರೆ ಒಳ್ಳೆಯದು, ಬಟಾಣಿ ಮೂಳೆಯ ಪಕ್ಕದ ಕುಳಿಯಲ್ಲಿ ಗಡ್ಡೆಯ ಹಾಗೆ ಕೂತರೆ ಬರಿಗೈಯೇ ವಾಸಿ.

ಈಗ ಅರ್ಧ ಉಳಿದಿತ್ತು ಎಂದೆನಲ್ಲ, ಆ ನೋವಿನ ವಿಚಾರ. ಗ್ರಿಪ್ ಭಾರವನ್ನು ಹಂಚುತ್ತದೆ, ಕಡಿಮೆ ಮಾಡುವುದಿಲ್ಲ. ಕೈ ಮೇಲೆ ಎಷ್ಟು ಭಾರ ಬೀಳಬೇಕು ಎಂದು ತೀರ್ಮಾನಿಸುವುದು ಸೀಟು. ಸೀಟಿನ ಮೂತಿ ಕೆಳಗೆ ಬಾಗಿದ್ದರೆ ಮೈ ಸದಾ ಮುಂದಕ್ಕೆ ಜಾರುತ್ತಿರುತ್ತದೆ, ಜಾರುವ ಮೈಯನ್ನು ತಡೆದು ನಿಲ್ಲಿಸುವುದು ಎರಡು ಅಂಗೈ. ಹೀಗಿರುವಾಗ ಗ್ರಿಪ್ ಮೇಲೆ ಗ್ರಿಪ್ ಬದಲಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ನನ್ನ ಸೀಟಿನ ಮೂತಿ ಬಾಗಿದ್ದದ್ದು ಬರಿಗಣ್ಣಿಗೆ ತಿಳಿಯುವಷ್ಟಿರಲಿಲ್ಲ, ಮೇಲೆ ಒಂದು ಹಲಗೆ ಇಟ್ಟಾಗ ಗೊತ್ತಾಯಿತು. ಮಟ್ಟ ಮಾಡಿದೆ, ಸೀಟಿನಡಿ ಇರುವ ಹಳಿಯ ಮೇಲೆ ಒಂದಿಷ್ಟು ಹಿಂದಕ್ಕೂ ಸರಿಸಿದೆ.

ಹಿಂದಕ್ಕೆ ಸರಿಸಿದರೆ ಕೈ ಇನ್ನೂ ದೂರ ಚಾಚಬೇಕಲ್ಲ, ಭಾರ ಹೆಚ್ಚಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಎದ್ದು ನಿಂತು, ಮೈ ಮುಂದಕ್ಕೆ ಬಾಗಿಸಿ ನೋಡಿ: ಬಾಗಿದಂತೆಲ್ಲ ಸೊಂಟ ತಾನಾಗಿ ಹಿಂದಕ್ಕೆ ಹೋಗಿ ತೂಕ ಸರಿದೂಗಿಸುತ್ತದೆ. ಸೈಕಲ್ ಮೇಲೂ ಅಷ್ಟೇ. ಸೀಟು ತೀರಾ ಮುಂದಿದ್ದರೆ ಸೊಂಟಕ್ಕೆ ಹಿಂದೆ ಹೋಗಲು ಜಾಗವಿಲ್ಲ, ಉಳಿದ ತೂಕ ಕೈಗೆ ಬರುತ್ತದೆ. ಪರೀಕ್ಷೆ ಸುಲಭ. ಯಾರೂ ಇಲ್ಲದ ಸಮತಟ್ಟಾದ ಜಾಗದಲ್ಲಿ, ಹದವಾಗಿ ಪೆಡಲ್ ತುಳಿಯುತ್ತಾ, ಅಂಗೈಯನ್ನು ಗ್ರಿಪ್‌ನಿಂದ ಒಂದು ಕ್ಷಣ, ಕೂದಲೆಳೆಯಷ್ಟು ಎತ್ತಿ ನೋಡಿ. ಮೈ ಮುಂದಕ್ಕೆ ಮುಗ್ಗರಿಸಿದರೆ ಸೀಟು ಇನ್ನಷ್ಟು ಹಿಂದೆ ಹೋಗಬಹುದು. ಮಂಡಿಯ ಕಡೆಯೂ ಗಮನವಿರಲಿ, ಒಮ್ಮೆಗೇ ತುಂಬ ಸರಿಸಿದರೆ ಅದು ಮುನಿಸಿಕೊಳ್ಳುತ್ತದೆ.

ಹ್ಯಾಂಡಲ್ ಎತ್ತರಿಸುವುದೂ ಒಂದು ದಾರಿ. ಹ್ಯಾಂಡಲನ್ನು ಸೈಕಲ್‌ಗೆ ಸೇರಿಸುವ ತುಂಡು, ಅಂದರೆ ಸ್ಟೆಮ್, ಹಳೆಯ ಮಾದರಿಯದ್ದಾದರೆ ಮೇಲಕ್ಕೆ ಎಳೆಯಬಹುದು, ಆದರೆ ಅದರ ಮೇಲೆ ಕೆತ್ತಿರುವ ಗೆರೆ ಹೊರಗೆ ಕಾಣುವಷ್ಟು ಎಂದೂ ಎಳೆಯಬಾರದು, ಕಿತ್ತು ಕೈಗೆ ಬಂದೀತು. ಹೊಸ ಮಾದರಿಯದ್ದರಲ್ಲಿ ಸ್ಟೆಮ್ ಕೆಳಮುಖವಾಗಿ ಕೂತಿದ್ದರೆ ಅದನ್ನು ತಲೆಕೆಳಗಾಗಿಸಿ ಹಾಕಿದಾಗ ಒಂದಿಷ್ಟು ಎತ್ತರ ಪುಕ್ಕಟೆ ಸಿಗುತ್ತದೆ. ಇನ್ನು ಮುಂದಿನ ಟಯರ್‌ನಲ್ಲಿ ಗಾಳಿ ಕಲ್ಲಿನ ಹಾಗೆ ತುಂಬಿಸಿಕೊಂಡು ಕೈ ನೋವು ಎನ್ನುವವರಿಗೆ ನಾನು ಹೇಳುವುದು ಇಷ್ಟೇ: ಟಯರ್ ಮೇಲೆ ಅಚ್ಚಾಗಿರುವುದು ಗರಿಷ್ಠ ಮಿತಿ. ಅಷ್ಟು ತುಂಬಿಸಲೇಬೇಕು ಎಂದು ಯಾರೂ ಹೇಳಿಲ್ಲ. ಮುಂದಿನ ಚಕ್ರದ ಮೇಲೆ ಭಾರ ಕಡಿಮೆ, ಹಿಂದಿನದ್ದಕ್ಕಿಂತ ಅದಕ್ಕೆ ಕಡಿಮೆ ಗಾಳಿ ಸಾಕು.

ರೆಕ್ಕೆ ಗ್ರಿಪ್ ಎಲ್ಲರಿಗೂ ಅಲ್ಲ. ಕಲ್ಲುಮುಳ್ಳಿನ ಕಾಡುದಾರಿಯಲ್ಲಿ ಸೀಟಿನಿಂದೆದ್ದು ಓಡಿಸುವವರಿಗೆ ಕೈ ಗ್ರಿಪ್ ಮೇಲೆ ತಿರುಗುತ್ತಲೇ ಇರಬೇಕು, ಅಲ್ಲಿ ರೆಕ್ಕೆ ಅಡ್ಡ ಬರುತ್ತದೆ. ಅವರಿಗೆ ಸಿಲಿಕೋನ್ ನೊರೆಯ ಗುಂಡು ಗ್ರಿಪ್ ಒಳ್ಳೆಯದು. ಹಗುರ, ಕಂಪನವನ್ನು ಚೆನ್ನಾಗಿ ನುಂಗುತ್ತದೆ, ಆದರೆ ಬಿದ್ದರೆ ಹರಿಯುತ್ತದೆ. ರೇಸಿಂಗ್ ಹ್ಯಾಂಡಲ್‌ನವರಿಗೆ ದಪ್ಪ ಟೇಪ್, ಬೇಕಿದ್ದರೆ ಅದರಡಿ ಜೆಲ್ ಪಟ್ಟಿ. ಅವರಿಗೆ ಕೈ ಇಡಲು ಮೂರು ನಾಲ್ಕು ಜಾಗ ಇರುವುದೇ ದೊಡ್ಡ ಅನುಕೂಲ. ನೇರ ಹ್ಯಾಂಡಲ್‌ನವರಿಗೆ ಇಲ್ಲದಿರುವುದೂ ಅದೇ.

ಅದಕ್ಕೇ ಈಗ ಕೊಳ್ಳುವವರು ತುದಿಯಲ್ಲಿ ಹಿಡಿಯಲು ಮುಂದಕ್ಕೆ ಚಾಚಿದ ಕೊಂಬು ಇರುವ ಮಾದರಿಯನ್ನೇ ನೋಡಿ ಎನ್ನುತ್ತೇನೆ. ಎಷ್ಟೇ ಒಳ್ಳೆಯ ರೆಕ್ಕೆಯಾದರೂ ಅದು ಒಂದೇ ಭಂಗಿ, ತಾಸುಗಟ್ಟಲೆ ಒಂದೇ ಭಂಗಿಯಲ್ಲಿದ್ದರೆ ಯಾವ ಕೈಯೂ ಸೋಲುತ್ತದೆ. ಕೊಂಬು ಹಿಡಿದಾಗ ಅಂಗೈಗಳು ಒಂದಕ್ಕೊಂದು ಎದುರಾಗಿ ತಿರುಗುತ್ತವೆ, ಒತ್ತಡದ ಜಾಗವೇ ಬದಲಾಗುತ್ತದೆ, ಏರಿನಲ್ಲಿ ಎಳೆದು ತುಳಿಯಲು ಹಿಡಿತವೂ ಸಿಗುತ್ತದೆ. ಗಿಡ್ಡ ಕೊಂಬು ಸಾಕು. ಉದ್ದದ್ದು ಇಕ್ಕಟ್ಟಿನಲ್ಲಿ ಕೊಂಬೆಗೋ ಕಂಬಿಗೋ ಸಿಕ್ಕಿಕೊಳ್ಳುತ್ತದೆ. ಕೊಂಬಿನ ಮೇಲೆ ಕೈ ಇದ್ದಾಗ ಬ್ರೇಕ್ ಎಟುಕುವುದಿಲ್ಲ, ಆದ್ದರಿಂದ ಜನಸಂದಣಿಯಲ್ಲಿ, ಇಳಿಜಾರಿನಲ್ಲಿ ಕೈ ರೆಕ್ಕೆಯ ಮೇಲೇ ಇರಲಿ.